ಉಪಮಾನಕ್ಕೂ ಒಂದು ದನಿಯಿದೆ

ತೌಲನಿಕ ಅಧ್ಯಯನ ಎಂಬ ಮಾತು ನಮ್ಮ ಕನ್ನಡ ವಿಭಾಗಗಳಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಬಸವಣ್ಣನವರನ್ನು ಕಬೀರರೊಂದಿಗೆ, ಅಕ್ಕಮಹಾದೇವಿಯನ್ನು ಮೀರಾಬಾಯಿಯೊಂದಿಗೆ ಹೋಲಿಸಿ ಬರೆದ ಪ್ರಬಂಧಗಳು ಗ್ರಂಥಾಲಯದ ಕಪಾಟುಗಳಲ್ಲಿ ಸಾಲುಗಟ್ಟಿವೆ. ಅವುಗಳ ಕೊನೆಯ ಅಧ್ಯಾಯದಲ್ಲಿ ಸಾಮಾನ್ಯವಾಗಿ ದೊರೆಯುವ ಫಲಿತ ಒಂದೇ: ಇಬ್ಬರೂ ಹೇಳಿರುವುದು ಒಂದೇ ಮಾತು. ಈ ದೋಷಕ್ಕೆ ನಾನೂ ಹೊರತಲ್ಲ. ಹಲವು ವರ್ಷಗಳ ಹಿಂದೆ, ವಚನಕಾರರನ್ನೂ ಪೂರ್ವ ಯೂರೋಪಿನ ಯೆಹೂದಿ ಅನುಭಾವಿಗಳಾದ ಹಸೀದರನ್ನೂ ಹೋಲಿಸಿದ ಪ್ರಬಂಧವೊಂದಕ್ಕೆ ನಾನು ಮಾರ್ಗದರ್ಶಕನಾಗಿದ್ದೆ. ಮೌಖಿಕ ಪರೀಕ್ಷೆಗೆ ಬಂದಿದ್ದ ಹೊರಗಿನ ಪರೀಕ್ಷಕರು, “ಇವರಿಬ್ಬರೂ ಎದುರುಬದುರು ಕುಳಿತಿದ್ದರೆ ಯಾವ ವಿಷಯದಲ್ಲಿ ಜಗಳವಾಡುತ್ತಿದ್ದರು?” ಎಂದು ಕೇಳಿದರು. ಅಭ್ಯರ್ಥಿಯ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಪದವಿ ದೊರೆಯಿತು, ಪ್ರಶ್ನೆ ಉಳಿಯಿತು.

ಆ ಪ್ರಶ್ನೆಯನ್ನು ಮತ್ತೆ ಎದುರಿಸುವಂತೆ ಮಾಡಿದವರು ತತ್ತ್ವಶಾಸ್ತ್ರದ ವಿದುಷಿ ಮಾರ್ಗರೆಟ್ ಚಟರ್ಜಿ. ಎದುರಿಸಿದ ಸ್ಥಳ ನಾಗಪುರದ ಪರಿಸರ. ವಿಚಾರಗೋಷ್ಠಿಯೊಂದಕ್ಕಾಗಿ ನಾಗಪುರಕ್ಕೆ ಹೋದಾಗ ಒಂದು ದಿನದ ಬಿಡುವು ಸಿಕ್ಕಿತು. ಅಲ್ಲಿಂದ ಸುಮಾರು 75 ಕಿಲೋಮೀಟರು ದೂರದ ವರ್ಧಾಕ್ಕೂ ಅದರ ಬಳಿಯ ಸೇವಾಗ್ರಾಮಕ್ಕೂ ಹೋಗಿಬಂದೆ. ಕನ್ನಡದ ವಿದ್ಯಾರ್ಥಿಗೆ ಆ ಸೀಮೆ ತೀರ ಪರಕೀಯವಲ್ಲ. ಪೊನ್ನನಿಗೆ ಆಶ್ರಯವಿತ್ತ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕ್ರಿ.ಶ. 940ರ ತಾಮ್ರಶಾಸನ ದೊರೆತ ದೇವಳಿ ಇರುವುದು ಅದೇ ವರ್ಧಾ ಜಿಲ್ಲೆಯಲ್ಲಿ. ಆದರೆ ಅಂದು ನನ್ನ ಮನಸ್ಸನ್ನು ಕಾಡಿದ್ದು ಶಾಸನವಲ್ಲ, ಒಂದು ಲೇಖನ ಮತ್ತು ಅದಕ್ಕೆ ಬಂದ ಒಂದು ಪತ್ರ.

ಸೇವಾಗ್ರಾಮಕ್ಕೆ ಆಗ ಸೇಗಾಂವ್ ಎಂಬ ಹೆಸರಿತ್ತು. ನಾಗಪುರವು ರಾಜಧಾನಿಯಾಗಿದ್ದ ಮಧ್ಯಪ್ರಾಂತ ಮತ್ತು ಬೇರಾರಿಗೆ ಆ ಹಳ್ಳಿ ಸೇರಿತ್ತು. ಅಲ್ಲಿ ಕುಳಿತು ಗಾಂಧೀಜಿಯವರು ಯೆಹೂದಿಗಳನ್ನು ಕುರಿತು ಬರೆದ ಲೇಖನ 1938ರ ನವೆಂಬರ್ 26ರ ‘ಹರಿಜನ’ದಲ್ಲಿ ಪ್ರಕಟವಾಯಿತು. ಜರ್ಮನಿಯಲ್ಲಿ ಯೆಹೂದಿಗಳ ಪ್ರಾರ್ಥನಾಮಂದಿರಗಳನ್ನೂ ಅಂಗಡಿಗಳನ್ನೂ ಸುಟ್ಟು ಹಾಳುಗೆಡವಿದ ನವೆಂಬರ್ 9 ಮತ್ತು 10ರ ಘಟನೆಗಳು ನಡೆದು ಆಗಿನ್ನೂ ಮೂರು ವಾರವೂ ಕಳೆದಿರಲಿಲ್ಲ. ಯೆಹೂದಿಗಳ ಸ್ಥಿತಿಯನ್ನು ಗಾಂಧೀಜಿ ಅಸ್ಪೃಶ್ಯರ ಸ್ಥಿತಿಗೂ ದಕ್ಷಿಣ ಆಫ್ರಿಕದ ಭಾರತೀಯರ ಸ್ಥಿತಿಗೂ ಹೋಲಿಸಿದರು. ಸತ್ಯಾಗ್ರಹವೇ ದಾರಿ ಎಂದು ಸೂಚಿಸಿದರು. ಅರಬರ ನೆಲವಾದ ಪ್ಯಾಲೆಸ್ಟೈನನ್ನು ಅವರ ಮೇಲೆ ಬಲಾತ್ಕಾರ ನಡೆಸಿ ಪಡೆಯುವುದು ಸಲ್ಲದೆಂದರು. ಅದೇ ವರ್ಷ ಜರ್ಮನಿಯನ್ನು ತೊರೆದು ಜೆರುಸಲೇಮಿನಲ್ಲಿ ನೆಲೆಸಿದ್ದ ದಾರ್ಶನಿಕ ಮಾರ್ಟಿನ್ ಬೂಬರ್ 1939ರ ಫೆಬ್ರವರಿ 24ರಂದು ದೀರ್ಘ ಪತ್ರ ಬರೆದರು. ಗಾಂಧೀಜಿಯನ್ನು ಗೌರವಿಸುತ್ತಿದ್ದವರು ಅವರು. ಅವರ ಆಕ್ಷೇಪಣೆ ಹೋಲಿಕೆಯನ್ನೇ ಕುರಿತದ್ದು. ಸಾಕ್ಷಿಯಾಗಿ ನೋಡುವವರೇ ಇಲ್ಲದೆ, ಹೆಸರೂ ಉಳಿಯದಂತೆ ಜನರನ್ನು ಅಳಿಸಿಹಾಕುವ ಶಿಬಿರಗಳನ್ನು ದಕ್ಷಿಣ ಆಫ್ರಿಕದ ಅನುಭವದಿಂದ ಅಳೆಯಲಾಗದು ಎಂಬುದು ಅದರ ಒಂದು ಮುಖ್ಯ ವಾದ. ಆ ಪತ್ರಕ್ಕೆ ಉತ್ತರ ಬರಲಿಲ್ಲ.

ಉಪಮಾಲಂಕಾರವನ್ನು ನಾವು ತರಗತಿಯಲ್ಲಿ ಪಾಠ ಮಾಡುತ್ತೇವೆ. ಉಪಮೇಯ, ಉಪಮಾನ, ಸಾಧಾರಣ ಧರ್ಮ, ವಾಚಕ ಎಂದು ನಾಲ್ಕು ಅಂಗಗಳನ್ನು ಹೇಳುತ್ತೇವೆ. ಹೋಲಿಕೆಗೆ ಒಳಗಾದದ್ದು ಅದನ್ನು ಒಪ್ಪಿತೇ ಎಂದು ಲಾಕ್ಷಣಿಕರು ಕೇಳಲಿಲ್ಲ. ಚಂದ್ರನೂ ತಾವರೆಯೂ ಮಾತಾಡವು. ಮನುಷ್ಯರ ಸಂಗತಿ ಬೇರೆ. ಅವರನ್ನು ಹೋಲಿಕೆಗೆ ತಂದ ಗಳಿಗೆಯಲ್ಲೇ ಅವರಿಗೆ ಪ್ರತಿಮಾತಿನ ಹಕ್ಕು ಬರುತ್ತದೆ. ಬೂಬರರ ಪತ್ರ ಅಂತಹ ಪ್ರತಿಮಾತು. ಮಾರ್ಗರೆಟ್ ಚಟರ್ಜಿಯವರ ವಿದ್ವತ್ತಿನ ಮಹತ್ವವನ್ನು ನಾನು ಗುರುತಿಸುವುದು ಇಲ್ಲಿಯೇ: ಭಾರತದಲ್ಲಿ ಕುಳಿತು ಆ ಪ್ರತಿಮಾತಿಗೆ ಕಿವಿಗೊಟ್ಟ ಕೆಲವೇ ವಿದ್ವಾಂಸರಲ್ಲಿ ಅವರೊಬ್ಬರು.

ಚಟರ್ಜಿಯವರ ಜೀವನವೇ ಒಂದು ಬಗೆಯ ಅನುವಾದ. 1925ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನ ಸೋಮರ್‌ವಿಲ್ ಕಾಲೇಜಿನಲ್ಲಿ ಓದಿದ ಅವರು 1946ರಲ್ಲಿ ಭಾರತಕ್ಕೆ ಬಂದರು. ಇಂಗ್ಲಿಷರು ಗಂಟುಮೂಟೆ ಕಟ್ಟಿ ಹೊರಡುತ್ತಿದ್ದ ಹೊತ್ತಿಗೆ ಬಂದು ಇಲ್ಲಿಯವರೇ ಆದರು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿಯೇ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ದೀರ್ಘಕಾಲ ಪಾಠ ಹೇಳಿದರು. 1980ರ ದಶಕದ ಉತ್ತರಾರ್ಧದಲ್ಲಿ ಶಿಮ್ಲಾದ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿದ್ದರು. ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆದರು, ಸಂಗೀತದಲ್ಲಿ ಪರಿಶ್ರಮವಿತ್ತು. 2019ರಲ್ಲಿ ತೀರಿಕೊಂಡರು.

ಅನ್ಯರ ಮನಸ್ಸನ್ನು ನಾವು ಅರಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಅವರು ಆರಂಭದಲ್ಲೇ ಎತ್ತಿಕೊಂಡರು. 1963ರ ಅವರ ಗ್ರಂಥದ ವಸ್ತುವೇ ಅದು. ಮುಂದೆ ಅಸ್ತಿತ್ವವಾದವನ್ನೂ 1983ರಲ್ಲಿ ಗಾಂಧೀಜಿಯ ಧಾರ್ಮಿಕ ಚಿಂತನೆಯನ್ನೂ ಕುರಿತು ಬರೆದರು. 1992ರಲ್ಲಿ ಗಾಂಧೀಜಿಯ ಯೆಹೂದಿ ಗೆಳೆಯರನ್ನು ಕುರಿತ ಪುಸ್ತಕ, 1997ರಲ್ಲಿ ಆಧುನಿಕ ಯೆಹೂದಿ ಮತ್ತು ಹಿಂದೂ ಚಿಂತನೆಗಳ ಅಧ್ಯಯನ ಹೊರಬಂದವು. ಈ ಪುಸ್ತಕಗಳನ್ನು ಒಂದೇ ದಾರದಲ್ಲಿ ಪೋಣಿಸುವುದು ಆ ಮೊದಲ ಪ್ರಶ್ನೆಯೇ ಎಂಬುದು ನನ್ನ ಅಭಿಪ್ರಾಯ.

ಪೋಲಕ್, ಕಾಲೆನ್‌ಬಾಕ್, ಶ್ಲೇಸಿನ್ ಎಂಬ ಹೆಸರುಗಳು ಗೊರೂರರು ಕನ್ನಡಕ್ಕೆ ತಂದ ಗಾಂಧೀಜಿಯ ಆತ್ಮಕಥೆಯಿಂದ ನಮಗೆ ಪರಿಚಿತ. ನಾವು ಅವರನ್ನು ಗಾಂಧೀಜಿಯ ಸಹಾಯಕರೆಂದು ಓದಿದೆವು; ಅವರು ಯೆಹೂದಿಗಳಾಗಿದ್ದರೆಂಬುದು ಅಡಿಟಿಪ್ಪಣಿಯ ಸಂಗತಿಯಾಯಿತು. ಚಟರ್ಜಿ ಅಡಿಟಿಪ್ಪಣಿಯನ್ನೇ ಗ್ರಂಥವಾಗಿಸಿದರು. 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮಿಗೆ ತನ್ನ ಜಮೀನನ್ನು ಬಿಟ್ಟುಕೊಟ್ಟ ವಾಸ್ತುಶಿಲ್ಪಿ ಕಾಲೆನ್‌ಬಾಕ್ 1939ರಲ್ಲಿ ಗೆಳೆಯನನ್ನು ಕಾಣಲು ಎರಡನೆಯ ಬಾರಿ ಭಾರತಕ್ಕೆ ಬಂದಿದ್ದರು. ಅಹಿಂಸೆಯನ್ನು ಬುದ್ಧಿಯಿಂದ ಒಪ್ಪಿದ್ದರೂ ಹಿಟ್ಲರನಿಗಾಗಿ ಪ್ರಾರ್ಥಿಸಲು ಈ ಗೆಳೆಯನ ಮನಸ್ಸು ಒಪ್ಪದೆಂದು ಗಾಂಧೀಜಿಯೇ ಬರೆದರು. ಆ ಸಿಟ್ಟಿನೊಂದಿಗೆ ಅವರು ಜಗಳಕ್ಕಿಳಿಯಲಿಲ್ಲ. ಬೂಬರರಿಗೆ ಬಾರದ ಉತ್ತರದ ಒಂದು ಅಂಶ ಈ ಸ್ನೇಹದಲ್ಲಿತ್ತೆಂದು ನನಗೆ ತೋರುತ್ತದೆ.

ರಬ್ಬಿ ಅಬ್ರಹಾಂ ಐಸಾಕ್ ಕೂಕ್ ಮತ್ತು ಶ್ರೀ ಅರವಿಂದರನ್ನು ಕುರಿತ ಅವರ ಪ್ರಬಂಧದ ತಲೆಬರಹವೂ ಗಮನಾರ್ಹ. ‘ಒಂದು ಹೋಲಿಕೆಯತ್ತ’ ಎಂದಷ್ಟೇ ಅವರು ಹೇಳುತ್ತಾರೆ. ಹೋಲಿಕೆ ಮುಗಿಯಿತೆಂದು ಹೇಳುವುದಿಲ್ಲ. ಕೂಕ್ 1935ರಲ್ಲಿ, ಅರವಿಂದರು 1950ರಲ್ಲಿ ಕಾಲವಾದರು. ಇಬ್ಬರೂ ಅನುಭಾವಿಗಳು, ಇಬ್ಬರೂ ರಾಷ್ಟ್ರದ ಪುನರುತ್ಥಾನಕ್ಕೆ ಆಧ್ಯಾತ್ಮಿಕ ಅರ್ಥ ಕಂಡವರು. ನಮ್ಮ ಪ್ರಬಂಧಕಾರರಿಗೆ ಇಷ್ಟು ಸಿಕ್ಕಿದ್ದರೆ ಸಾಕಾಗುತ್ತಿತ್ತು. ಆದರೆ ಒಬ್ಬರ ಹಿಂದೆ ವಿಧಿನಿಯಮಗಳ ಧರ್ಮಶಾಸ್ತ್ರವೂ ಶತಮಾನಗಳ ದೇಶಭ್ರಷ್ಟತೆಯೂ ಇವೆ. ಇನ್ನೊಬ್ಬರ ಹಿಂದೆ ವೇದಾಂತವೂ ವಸಾಹತು ಆಳ್ವಿಕೆಯೂ ಇವೆ. ಈ ಅಂತರವನ್ನು ಅಳಿಸಿದರೆ ಹೋಲಿಕೆಗೆ ಅರ್ಥವೇ ಉಳಿಯದು.

ಚಟರ್ಜಿಯವರ ಕೆಲಸಕ್ಕೂ ಮಿತಿಯಿದೆ. ಹಿಂದೂ ಚಿಂತನೆಯೆಂದು ಅವರು ಮುಂದಿಡುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ದೊರೆಯುವ ಆಧುನಿಕರನ್ನು. ದೇಶಭಾಷೆಗಳ ಚಿಂತನೆಯನ್ನು ಈ ಮಾತುಕತೆಗೆ ತರುವ ಹೊಣೆ ನಮ್ಮದು. ಕನ್ನಡ ವಿಭಾಗಕ್ಕೂ ಯೆಹೂದಿ ಚಿಂತನೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದನ್ನೇ ಸಂಪತ್ತೆಂದು ಬಗೆದ ಕವಿರಾಜಮಾರ್ಗದ ಪರಂಪರೆಯವರು ನಾವು. ಸೈರಣೆ ದೊಡ್ಡದು, ಆದರೆ ಕಿವಿಗೊಡದೆಯೂ ಸೈರಿಸಬಹುದು. ಪಶ್ಚಿಮ ಏಷ್ಯಾದ ರಕ್ತಪಾತದ ಸುದ್ದಿ ಓದುವ ನಮ್ಮ ವಿದ್ಯಾರ್ಥಿಗಳು ಯೆಹೂದಿ ಎಂಬ ಶಬ್ದಕ್ಕೆ ಒಂದೇ ಅರ್ಥವಿದೆಯೆಂದು ತಿಳಿಯುವ ಅಪಾಯವಿದೆ. ಅರಬರೂ ಯೆಹೂದಿಗಳೂ ಒಂದೇ ರಾಜ್ಯದಲ್ಲಿ ಸಮಾನರಾಗಿ ಬಾಳಬೇಕೆಂದು ವಾದಿಸಿ ತನ್ನವರಿಂದಲೇ ದೂರವಾದ ಬೂಬರ್ ಅವರಿಗೆ ತಿಳಿದಿರಬೇಡವೇ?

ಸೇವಾಗ್ರಾಮದಿಂದ ನಾಗಪುರಕ್ಕೆ ಮರಳಿದ ಸಂಜೆ ದೀಕ್ಷಾಭೂಮಿಗೆ ಹೋದೆ. 1956ರ ಅಕ್ಟೋಬರ್ 14ರಂದು ಡಾ. ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧದೀಕ್ಷೆ ಪಡೆದ ನೆಲ ಅದು. 1938ರ ಆ ಲೇಖನದಲ್ಲಿ ಯೆಹೂದಿ ಉಪಮೇಯವಾಗಿದ್ದ, ಅಸ್ಪೃಶ್ಯ ಉಪಮಾನವಾಗಿದ್ದ. ಜೆರುಸಲೇಮಿನಿಂದ ಉಪಮೇಯವು ಪತ್ರ ಬರೆಯಿತು. ಹದಿನೆಂಟು ವರ್ಷಗಳ ಬಳಿಕ ನಾಗಪುರದಲ್ಲಿ ಉಪಮಾನವು ತನ್ನ ಹೆಸರನ್ನೇ ಬದಲಿಸಿಕೊಂಡು ಎದ್ದು ನಿಂತಿತು. ಎರಡೂ ದನಿಗಳನ್ನು ಕೇಳದೆ ಆ ಲೇಖನವನ್ನು ಪೂರ್ಣವಾಗಿ ಓದಿದಂತಾಗದು.

ನಮ್ಮ ವಿಭಾಗಗಳಿಗೆ ನನ್ನ ಸೂಚನೆ ಸರಳವಾದದ್ದು. ತೌಲನಿಕ ಸಂಶೋಧನೆಗೆ ನೋಂದಾಯಿಸುವವರು ಹೋಲಿಸಲಿರುವ ಪರಂಪರೆಯ ಭಾಷೆಯನ್ನು ಒಂದು ವರ್ಷವಾದರೂ ಕಲಿಯಲಿ. ಪ್ರಬಂಧದ ಕೊನೆಯ ಅಧ್ಯಾಯ ಭಿನ್ನಾಭಿಪ್ರಾಯಗಳಿಗೆ ಮೀಸಲಾಗಿರಲಿ. ಆ ನಿಯಮ ಅಂದೇ ಇದ್ದಿದ್ದರೆ ನನ್ನ ವಿದ್ಯಾರ್ಥಿ ಅಂದು ತಲೆತಗ್ಗಿಸಿ ಕುಳಿತುಕೊಳ್ಳಬೇಕಾಗಿರಲಿಲ್ಲ, ತಪ್ಪು ಅವನದಾಗಿರಲಿಲ್ಲ.