ಆಟದ ಕಣದ ಹೆಣ್ಣುಮಕ್ಕಳೂ ಹಸಿವೂ

2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ಅವರು ನೂರು ಗ್ರಾಂ ಅಧಿಕ ತೂಕದ ಕಾರಣ ಅಂತಿಮ ಪಂದ್ಯದಿಂದ ಅನರ್ಹಗೊಂಡರು. ಹಿಂದೆ 53 ಕಿಲೋ ವಿಭಾಗದಲ್ಲಿ ಸೆಣಸುತ್ತಿದ್ದ ಅವರು 50ಕ್ಕೆ ಇಳಿದಿದ್ದರು. ರಾತ್ರಿಯಿಡೀ ಬೆವರಿಳಿಸಿ, ಕೂದಲನ್ನೂ ಕತ್ತರಿಸಿದರೂ ತಕ್ಕಡಿ ಒಪ್ಪಲಿಲ್ಲ. ನಾಡೆಲ್ಲ ಆ ನೂರು ಗ್ರಾಮಿನ ನ್ಯಾಯಾನ್ಯಾಯವನ್ನು ಚರ್ಚಿಸಿತು. ನಮ್ಮ ಚಿಂತೆ ಬೇರೆ. ಗರಡಿ, ಮೈದಾನಗಳಲ್ಲಿರುವ ಹದಿನೈದರ ಬಾಲೆಯರು ಹಸಿವನ್ನು ಹತ್ತಿಕ್ಕುವುದೇ ಸಾಧನೆಯೆಂದು ತಿಳಿದರೆ ಗತಿಯೇನು?

ಪಂದ್ಯದ ಮುನ್ನಾದಿನದ ಉಪವಾಸವೇ ಒಳ್ಳೆಯದಲ್ಲ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿರುವುದು, ಉಂಡದ್ದನ್ನು ಗುಟ್ಟಾಗಿ ಕಕ್ಕುವುದು, ತುತ್ತನ್ನು ಕಂಡರೆ ಅಂಜುವುದು ವ್ಯಾಧಿಯೇ ಸರಿ. ದೂರದ ಓಟ, ಜಿಮ್ನಾಸ್ಟಿಕ್ಸ್, ಕುಸ್ತಿಯಂತಹ ಆಟಗಳಲ್ಲಿ ಇದು ಹೆಚ್ಚು. ಸಾಕಷ್ಟು ಅನ್ನ ದೊರೆಯದ ದೇಹ ಮುಟ್ಟನ್ನು ನಿಲ್ಲಿಸಿಬಿಡುತ್ತದೆ. ನಮ್ಮ ಶಾಸ್ತ್ರವು ಆರ್ತವವನ್ನು ರಸಧಾತುವಿನ ಉಪಧಾತುವೆಂದಿದೆ. ಅನ್ನವಿಲ್ಲದೆ ರಸವಿಲ್ಲ, ರಸವಿಲ್ಲದೆ ಆರ್ತವವೆಲ್ಲಿಯದು? ಮುಟ್ಟು ನಿಂತಲ್ಲಿ ಮೂಳೆ ಸೊರಗುತ್ತದೆ. ಬೀಳದೆಯೇ ಕಾಲಿನ ಎಲುಬು ಬಿರುಕು ಬಿಡುತ್ತದೆ. ಊಟ, ಮುಟ್ಟು, ಮೂಳೆ ಈ ಮೂರರ ನಂಟನ್ನು ಆಧುನಿಕ ಕ್ರೀಡಾವೈದ್ಯರು 1990ರ ದಶಕದಲ್ಲಿಯೇ ಒಟ್ಟಾಗಿ ವಿವರಿಸಿದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೂ ಎಚ್ಚರಿಸಿತು. ಆದರೂ ‘ಆಡುವ ಹುಡುಗಿಯರಿಗೆ ಮುಟ್ಟು ತಪ್ಪುವುದು ಸಹಜ’ ಎಂಬ ಮಾತು ನಿಂತಿಲ್ಲ. ಅದು ಸಹಜವಲ್ಲ.

ಇಲ್ಲಿ ವೈದ್ಯಬಂಧುಗಳ ತಪ್ಪೂ ಇದೆ, ನಾವೂ ಹೊರತಲ್ಲ. ತಾಯಿಯು ಮಗಳನ್ನು ಕರೆತಂದಾಗ ‘ಏನು ಉಣ್ಣುತ್ತೀ ತಂಗೀ, ದಿನಕ್ಕೆ ಎಷ್ಟು ಓಡುತ್ತೀ’ ಎಂದು ಕೇಳದೆಯೇ ರಜಃಪ್ರವರ್ತಿನೀ ವಟಿಯನ್ನು ಬರೆದುಕೊಟ್ಟ ದಿನಗಳು ನಮ್ಮ ವೃತ್ತಿಯಲ್ಲಿಯೂ ಇದ್ದವು. ಹಸಿದ ದೇಹದಿಂದ ಮುಟ್ಟನ್ನು ಬಲವಂತವಾಗಿ ಹೊರಡಿಸುವುದು ಚಿಕಿತ್ಸೆಯಲ್ಲ. ರೊಟ್ಟಿ, ಬೇಳೆ, ಹಾಲು, ತುಪ್ಪ ಮೊದಲು, ಜೊತೆಗೆ ವಿಶ್ರಾಂತಿ. ಊಟದ ಭಯ ಹೊಕ್ಕಿದ್ದರೆ ಮನೋವೈದ್ಯರ ಬಳಿಗೆ ಕಳುಹಿಸಲು ನಾವು ಸಂಕೋಚಪಡಬಾರದು.

ಹಸಿವೆಯು ತಡೆಯಬಾರದ ವೇಗಗಳಲ್ಲೊಂದೆಂದು ಚರಕಸಂಹಿತೆ ಹೇಳುತ್ತದೆ. ವಾಗ್ಭಟರು ಬಲವಂತರಿಗೆ, ಸ್ನಿಗ್ಧವಾದ ಆಹಾರ ಉಣ್ಣುವವರಿಗೆ ಮಾತ್ರ, ಅದೂ ಅರ್ಧ ಶಕ್ತಿಯಷ್ಟೇ ವ್ಯಾಯಾಮವನ್ನು ವಿಧಿಸಿದರು. ಇಂದಿನ ಕ್ರೀಡೆ ಪೂರ್ಣ ಶಕ್ತಿಯನ್ನು ಬೇಡುತ್ತದೆ. ಹಾಗಿರುವಾಗ ತುಪ್ಪವನ್ನೇ ತೆಗೆದುಹಾಕುವುದು ಯಾವ ಲೆಕ್ಕ?

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಮಠದ ದಾಸೋಹದಲ್ಲಿ ಯಾರ ತೂಕವನ್ನೂ ನೋಡಿ ಬಡಿಸುವುದಿಲ್ಲ. ತರಬೇತುದಾರರು ಹತ್ತು ಜನರೆದುರು ಹುಡುಗಿಯನ್ನು ತಕ್ಕಡಿಗೇರಿಸಿ ಅಣಕಿಸುವ ರೂಢಿಯನ್ನು ನಿಲ್ಲಿಸಲಿ. ಮೂರು ತಿಂಗಳು ಮುಟ್ಟು ತಪ್ಪಿದರೆ ತಾಯಂದಿರು ಪಂದ್ಯ ಮುಗಿಯಲೆಂದು ಕಾಯದೆ ವೈದ್ಯರಲ್ಲಿಗೆ ಬರಲಿ.