ನಾನಿಯ ಕಂಪ್ಯೂಟರಿಗೆ ಯಾವ ಕಾವಲು?

ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ ಪರೀಕ್ಷೆಗೆ ಮೊದಲೇ ಒಂದು ಸರ್ಟಿಫಿಕೇಟ್ ಸಿಕ್ಕಿಬಿಡುತ್ತದೆ. ಮನೆಯಲ್ಲಿ, ನೆಂಟರಲ್ಲಿ, ಮೇಲಿನ ಮಹಡಿಯ ಬಾಡಿಗೆಯವರಲ್ಲಿ, ಎಲ್ಲರ ಕಂಪ್ಯೂಟರಿಗೂ ಅವರೇ ಇಂಜಿನಿಯರ್. ಪ್ರಿಂಟರ್ ಓಡದಿದ್ದರೂ ನಮ್ಮನ್ನೇ ಕರೆಯುತ್ತಾರೆ, ವೈಫೈ ನಿಂತರೂ ನಮ್ಮನ್ನೇ ಕರೆಯುತ್ತಾರೆ. "ಯಾವ ಆ್ಯಂಟಿವೈರಸ್ ಹಾಕಿಸಲಿ?" ಎಂಬ ಪ್ರಶ್ನೆಗೂ ನಾವೇ ಉತ್ತರ ಹೇಳಬೇಕು. ನಮ್ಮಲ್ಲಿ ಹೆಚ್ಚಿನವರು ಒಂದು ಕಂಪನಿಯ ಹೆಸರು ಹೇಳಿ ಎದ್ದುಬಿಡುತ್ತೇವೆ. ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಿರಿಯರೊಬ್ಬರ ಕಂಪ್ಯೂಟರಿಗೆ ಕಾವಲು ಆರಿಸುವವರು ಮೊದಲು ಅಪಾಯ ಯಾವ ಬಾಗಿಲಿನಿಂದ ಬರುತ್ತದೆ ಎಂದು ನೋಡಬೇಕು. ಹಣದ ಮಾತು ಆಮೇಲೆ, ಕಂಪನಿಯ ಹೆಸರು ಎಲ್ಲಕ್ಕಿಂತ ಕೊನೆಗೆ.

ನಮ್ಮ ನಾನಿಯ ಉದಾಹರಣೆಯನ್ನೇ ಹೇಳುತ್ತೇನೆ. ಅವರು ತಿಲಕ್‌ನಗರದಲ್ಲಿದ್ದಾರೆ, ಸರ್ಕಾರಿ ಉರ್ದು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಪಿಂಚಣಿ ಬರುವ ಬ್ಯಾಂಕ್ ಖಾತೆಯನ್ನು ತಮ್ಮ ಡೆಸ್ಕ್‌ಟಾಪ್‌ನಲ್ಲೇ ನೋಡುತ್ತಾರೆ, ಬೆಸ್ಕಾಂ ಬಿಲ್ಲು ಕಟ್ಟುತ್ತಾರೆ, ರಿಯಾದ್‌ನಲ್ಲಿರುವ ಮಾಮು ಜೊತೆ ದೊಡ್ಡ ಪರದೆಯಲ್ಲಿ ಮಾತಾಡುತ್ತಾರೆ. ತೀರಿಹೋದ ನಮ್ಮ ತಾತನ ಹಳೆಯ ಫೋಟೊಗಳೆಲ್ಲ ಸ್ಕ್ಯಾನ್ ಆಗಿ ಅದರಲ್ಲೇ ಇವೆ. ಕಳೆದ ವರ್ಷ ಪರದೆಯ ಬಲಮೂಲೆಯಲ್ಲಿ ಒಂದು ಕೆಂಪು ಚೌಕ ಏಳತೊಡಗಿತು. ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈಗಲೇ ಇಲ್ಲಿ ಒತ್ತಿ ಎಂದು ದಿನಕ್ಕೆ ಹತ್ತಾರು ಸಲ ಅದೇ ಮಾತು. ನಾನಿ ಹೆದರಿ ಕಂಪ್ಯೂಟರ್ ಆನ್ ಮಾಡುವುದನ್ನೇ ಬಿಟ್ಟರು. ಪಾಸ್‌ಬುಕ್ ಹಿಡಿದು ಆಟೋದಲ್ಲಿ ಜಯನಗರ 4ನೇ ಬ್ಲಾಕಿನ ಬ್ಯಾಂಕಿಗೆ ಹೋಗಿಬರಲು ಶುರು ಮಾಡಿದರು. ಒಂದು ಪೈಸೆಯೂ ಕಳುವಾಗಿರಲಿಲ್ಲ, ಆದರೆ ಕಂಪ್ಯೂಟರ್ ಮಾತ್ರ ಅವರ ಕೈತಪ್ಪಿ ಹೋಗಿತ್ತು.

ಎಲ್ಲರ ಬಳಿಯೂ ಸಲಹೆ ಇತ್ತು. ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಯವರು ಆ್ಯಂಟಿವೈರಸ್ ಪರವಾನಗಿಯನ್ನು ಇನ್ನೊಂದು ವರ್ಷಕ್ಕೆ ಮಾರಲು ಸಿದ್ಧರಿದ್ದರು. ಮಾಮು ಅಲ್ಲಿಂದಲೇ ಎಲ್ಲಕ್ಕಿಂತ ದುಬಾರಿಯಾದದ್ದನ್ನು ಕೊಂಡು ಕಳಿಸುತ್ತೇನೆ ಎಂದರು. ನಾನು ಮೊದಲು ಕಂಪ್ಯೂಟರ್ ನೋಡೋಣ ಎಂದೆ. ನೋಡಿದಾಗ ಆ ಕೆಂಪು ಚೌಕ ವೈರಸ್ಸೇ ಆಗಿರಲಿಲ್ಲ. ಯಾವುದೋ ಜಾಲತಾಣ ನೋಟಿಫಿಕೇಶನ್ ಕಳಿಸಲು ಅನುಮತಿ ಕೇಳಿದಾಗ "ಅಲೋ" ಒತ್ತಿದ್ದರಿಂದ ಬ್ರೌಸರ್ ಮೂಲಕ ಬರುತ್ತಿದ್ದ ಜಾಹೀರಾತು ಅದು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿ ಕಿತ್ತುಹಾಕಿದ ಕೂಡಲೇ ನಿಂತಿತು. ಇದಕ್ಕೆ ಯಾರೂ ಒಂದು ರೂಪಾಯಿ ಖರ್ಚು ಮಾಡಬೇಕಿಲ್ಲ.

ನಿಜವಾದ ತೊಂದರೆ ಬೇರೆ ಕಡೆ ಇತ್ತು. ಅಂಗಡಿಯವರು ಹಾಕಿಕೊಟ್ಟಿದ್ದ ವಿಂಡೋಸ್ ಅಸಲಿಯಲ್ಲ. ಅದನ್ನು ಆ್ಯಕ್ಟಿವೇಟ್ ಮಾಡುವ ಕಳ್ಳ ಸಾಫ್ಟ್‌ವೇರ್ ಓಡಲಿ ಎಂದು ವಿಂಡೋಸ್‌ನ ಸ್ವಂತ ಕಾವಲನ್ನೇ ಆಫ್ ಮಾಡಿದ್ದರು, ಅಪ್‌ಡೇಟ್ ನಿಲ್ಲಿಸಿದ್ದರು. ಅದರ ಮೇಲೆ ಹಣ ತೆಗೆದುಕೊಂಡು ಒಂದು ಆ್ಯಂಟಿವೈರಸ್ ಹಾಕಿದ್ದರು, ಅದರ ಅವಧಿಯೂ ಮುಗಿದಿತ್ತು. ಬಾಗಿಲು ಕಿತ್ತಿಟ್ಟು ಬೀಗ ಮಾರಿದ ಹಾಗೆ. ಇಂಥ ಕಂಪ್ಯೂಟರುಗಳು ಬಿಟಿಎಂ ಲೇಔಟ್, ಗುರಪ್ಪನಪಾಳ್ಯ, ಬನಶಂಕರಿಯ ಮನೆಗಳಲ್ಲೂ ಇಲ್ಲದಿಲ್ಲ. ಅಸಲಿ ವಿಂಡೋಸ್ ಬೆಲೆ ಕೇಳಿ ಹಿಂಜರಿಯುವವರು ಹೆಚ್ಚು, ಅದು ಸಹಜ. ಆದರೆ ಉಳಿಸಿದ ಆ ಹಣಕ್ಕೆ ಅಡವಿಟ್ಟದ್ದು ಪಿಂಚಣಿ ಖಾತೆಯನ್ನು.

ಇನ್ನು ಫೈರ್‌ವಾಲ್ ವಿಷಯ. ಈ ಪದ ಕೇಳಿದರೆ ಏನೋ ಬೇರೆಯಾಗಿ ಕೊಂಡು ತರಬೇಕಾದ ದೊಡ್ಡ ವಸ್ತು ಎಂದು ಮನೆಯವರು ಅಂದುಕೊಳ್ಳುತ್ತಾರೆ. ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕೂರುವ ವಾಚ್‌ಮನ್‌ನನ್ನು ನೆನಪಿಸಿಕೊಳ್ಳಿ. ಯಾರೂ ಕರೆಯದೆ ಬಂದವರನ್ನು ಅವನು ನಿಲ್ಲಿಸುತ್ತಾನೆ. ಮನೆಯವರೇ ಫೋನ್ ಮಾಡಿ ಒಳಗೆ ಬಿಡಿ ಎಂದರೆ ಬಿಡುತ್ತಾನೆ. ಫೈರ್‌ವಾಲ್ ಮಾಡುವುದು ಇಷ್ಟನ್ನೇ. 2004ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್‌ನಿಂದ ಈಚೆಗೆ ಇದು ವಿಂಡೋಸ್ ಒಳಗೇ ಆನ್ ಆಗಿ ಬರುತ್ತಿದೆ. ಮನೆಯ ವೈಫೈ ರೂಟರ್ ಕೂಡ ಹೊರಗಿನಿಂದ ತಾನಾಗಿ ಬರುವ ಸಂಪರ್ಕಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಹಾಗಾಗಿ ಸಾಮಾನ್ಯ ಮನೆಗೆ ಬೇರೆ ಫೈರ್‌ವಾಲ್ ಬೇಕಿಲ್ಲ, ಇರುವುದನ್ನು ಯಾರೂ ಆಫ್ ಮಾಡಿಲ್ಲ ಎಂದು ನೋಡಿಕೊಂಡರೆ ಸಾಕು.

ಒಂದು ಮಾತ್ರ ಗಮನಿಸಬೇಕು. ನಮ್ಮ ಕಡೆ ಮಾಲೀಕರ ಒಂದೇ ವೈಫೈಯನ್ನು ಮೂರು ಬಾಡಿಗೆ ಮನೆಯವರು ಹಂಚಿಕೊಳ್ಳುವುದು ಸಾಮಾನ್ಯ, ಪಿಜಿಗಳಲ್ಲಿ ಕೇಳುವುದೇ ಬೇಡ. ಆಗ ರೂಟರಿನ ಗೋಡೆಯೊಳಗೇ ಅಪರಿಚಿತರು ಇರುತ್ತಾರೆ. ವಿಂಡೋಸ್‌ನಲ್ಲಿ ಆ ನೆಟ್‌ವರ್ಕನ್ನು "ಪ್ರೈವೇಟ್" ಬದಲು "ಪಬ್ಲಿಕ್" ಎಂದು ಗುರುತಿಸಿದರೆ ನಮ್ಮ ಕಂಪ್ಯೂಟರ್ ಪಕ್ಕದವರಿಗೆ ಕಾಣದಂತೆ ಇರುತ್ತದೆ. ಎರಡು ಕ್ಲಿಕ್ಕಿನ ಕೆಲಸ. ನಾನಿಯ ಮನೆಯ ವೈಫೈ ಕೂಡ ಮಹಡಿಯವರ ಜೊತೆ ಹಂಚಿದ್ದು, ಅಲ್ಲಿ ಇದನ್ನೇ ಮಾಡಿದೆ.

ವೈರಸ್ ಹಿಡಿಯುವ ಕೆಲಸಕ್ಕೆ ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಉಚಿತವಾಗಿಯೇ ಇದೆ. ಬೇರೆ ಆ್ಯಂಟಿವೈರಸ್ ಹಾಕಿದರೆ ಅದು ಹಿಂದೆ ಸರಿಯುತ್ತದೆ, ಅದನ್ನು ತೆಗೆದರೆ ತಾನಾಗಿ ಮರಳುತ್ತದೆ. ಆದರೆ ಅಪ್‌ಡೇಟ್ ಇಲ್ಲದಿದ್ದರೆ ಯಾವ ಕಾವಲೂ ಕಾಯುವುದಿಲ್ಲ. 2017ರ ಮೇ 12ರಂದು ವನ್ನಾಕ್ರೈ ಎಂಬ ಮಾಲ್‌ವೇರ್ ಜಗತ್ತಿನಾದ್ಯಂತ ಲಕ್ಷಾಂತರ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ಮಾರ್ಚ್‌ನಲ್ಲೇ ಕೊಟ್ಟಿತ್ತು. ಎರಡು ತಿಂಗಳು ಸಮಯವಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆಯವರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಸಿಗುವ ವ್ಯವಸ್ಥೆ ಇದೆ. ನಿಮ್ಮ ಮನೆಯ ಹಳೆಯ ಕಂಪ್ಯೂಟರ್ ಆ ನೋಂದಣಿ ಮಾಡಿಕೊಂಡಿದೆಯೇ ಎಂದು ಇವತ್ತೇ ನೋಡಿ. ಯಾವ ಕಂಪನಿಯ ಆ್ಯಂಟಿವೈರಸ್ ಎಂಬ ಚರ್ಚೆಗಿಂತ ಇದು ದೊಡ್ಡ ವಿಷಯ.

ಹಾಗಾದರೆ ಹಣ ಕೊಟ್ಟು ಕೊಳ್ಳುವುದೆಲ್ಲ ದಂಡವೇ? ಹಾಗೆ ನಾನು ಹೇಳುವುದಿಲ್ಲ. ಮನೆಯಲ್ಲೇ ಲೆಕ್ಕಪತ್ರದ ಕೆಲಸ ಮಾಡುವವರಿಗೆ, ಹತ್ತು ಜನರ ಪೆನ್‌ಡ್ರೈವ್ ಹಾಕಬೇಕಾದ ಜೆರಾಕ್ಸ್ ಅಂಗಡಿಯವರಿಗೆ, ತೊಂದರೆಯಾದಾಗ ಫೋನಿನಲ್ಲಿ ತಮ್ಮ ಭಾಷೆಯಲ್ಲಿ ಕೇಳಲು ಒಬ್ಬರು ಬೇಕು ಎನ್ನುವವರಿಗೆ ಅದರಿಂದ ಉಪಯೋಗವಿದೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವೇ. "ಫ್ರೀ" ಎಂದು ಸಿಕ್ಕಿದ್ದೆಲ್ಲ ಫ್ರೀ ಅಲ್ಲ ಎಂಬುದೂ ನಿಜ. ಉಚಿತ ಆ್ಯಂಟಿವೈರಸ್‌ಗೆ ಹೆಸರಾದ ಅವಾಸ್ಟ್ ಕಂಪನಿ, ಬಳಕೆದಾರರು ನೋಡಿದ ಜಾಲತಾಣಗಳ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ, 2024ರಲ್ಲಿ 1.65 ಕೋಟಿ ಡಾಲರ್ ಕಟ್ಟಿಸಿತು. ಕಾವಲುಗಾರ ಮನೆಯ ಗುಟ್ಟನ್ನು ಸಂತೆಯಲ್ಲಿ ಮಾರಿದರೆ ಏನು ಹೇಳುವುದು? ಸುಮ್ಮನೆ ಅನುಮಾನ ಬಂದಾಗ ಇನ್ನೊಂದು ಸಲ ಪರೀಕ್ಷಿಸಲು ನಮ್ಮ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಇದೆ. 2017ರ ಫೆಬ್ರವರಿಯಲ್ಲಿ ಶುರುವಾದ ಅದರ ಜಾಲತಾಣದಲ್ಲಿ ಉಚಿತವಾಗಿ ಶುಚಿಗೊಳಿಸುವ ಸಾಫ್ಟ್‌ವೇರ್ ಸಿಗುತ್ತದೆ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಒಂದು ಬಾಗಿಲು ತೆರೆದೇ ಇರುತ್ತದೆ. ಅದು ಫೋನು. ಬ್ಯಾಂಕಿನಿಂದ, ಮೈಕ್ರೋಸಾಫ್ಟ್‌ನಿಂದ, ಈಗಂತೂ ಪೊಲೀಸರಿಂದ ಎಂದು ಹೇಳಿಕೊಂಡು ಕರೆ ಮಾಡುವವನು ಫೈರ್‌ವಾಲ್ ಒಡೆಯುವ ಗೋಜಿಗೇ ಹೋಗುವುದಿಲ್ಲ. "ಈ ಆ್ಯಪ್ ಹಾಕಿಕೊಳ್ಳಿ, ನಾನೇ ಸರಿ ಮಾಡುತ್ತೇನೆ" ಎನ್ನುತ್ತಾನೆ. ದೂರದಿಂದ ಪರದೆ ನೋಡುವ ಆ್ಯಪ್‌ಗಳು ಕಾನೂನುಬದ್ಧ, ಕಂಪನಿಗಳಲ್ಲಿ ದಿನವೂ ಬಳಸುತ್ತಾರೆ. ಆದ್ದರಿಂದ ಆ್ಯಂಟಿವೈರಸ್ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಮನೆಯವರೇ ಒಪ್ಪಿ ತೆರೆದ ಬಾಗಿಲು, ವಾಚ್‌ಮನ್ ಸಲಾಮು ಹೊಡೆದು ಒಳಗೆ ಬಿಡುತ್ತಾನೆ. 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಆ್ಯಪ್‌ನ ಹೆಸರು ಹಿಡಿದು ಇಂಥ ವಂಚನೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಮಾಮು ಕೊಳ್ಳಲು ಹೊರಟಿದ್ದ ದುಬಾರಿ ಸಾಫ್ಟ್‌ವೇರ್ ಕೂಡ ಈ ಬಾಗಿಲನ್ನು ಕಾಯುತ್ತಿರಲಿಲ್ಲ. ಅದನ್ನು ಕಾಯುವುದು ಒಂದು ಮಾತು, ಮತ್ತು ಆ ಮಾತನ್ನು ಹಿರಿಯರ ಪಕ್ಕ ಕೂತು ಹೇಳುವ ಒಬ್ಬರು.

ಕೊನೆಗೆ ನಾವು ಮಾಡಿದ್ದು ಇಷ್ಟು. ಫೋಟೊಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿ, ಕಂಪ್ಯೂಟರನ್ನು ಪೂರ್ತಿ ಅಳಿಸಿ ಅಸಲಿ ವಿಂಡೋಸ್ 11 ಹಾಕಿದೆವು. ಮಾಮು ಕಳಿಸಿದ ಹಣ ಪರವಾನಗಿಗೂ ಡಿಸ್ಕಿಗೂ ಹೋಯಿತು. ಆ ಡಿಸ್ಕು ಈಗ ನಾನಿಯ ಬೀರುವಿನಲ್ಲಿದೆ, ಪ್ರತಿ ಮಾಡುವಾಗ ಮಾತ್ರ ಹೊರಗೆ ಬರುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಬದಲಾಯಿತು. ಡಿಫೆಂಡರ್, ಫೈರ್‌ವಾಲ್, ಅಪ್‌ಡೇಟ್ ಮೂರೂ ಆನ್ ಆದವು. ಬ್ರೌಸರಿನಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಕೂತಿತು. ದಿನದ ಬಳಕೆಗೆ ಸಾಮಾನ್ಯ ಖಾತೆ, ಹೊಸದೇನಾದರೂ ಹಾಕಲು ಬೇರೆ ಅಡ್ಮಿನ್ ಖಾತೆ ಮಾಡಿದೆವು.

ಆಗ ನಾನಿ ಟೀಚರ್ ಧಾಟಿಯಲ್ಲೇ ಕೇಳಿದರು: "ಬೇಟಾ, ಕಾವಲಿಟ್ಟೆ ಸರಿ. ಕೀಲಿ ಯಾರ ಹತ್ತಿರ?"

ಅಡ್ಮಿನ್ ಪಾಸ್‌ವರ್ಡ್ ನನ್ನ ಹತ್ತಿರವೇ ಇರಲಿ ಎಂದು ಮಾಮು ಹೇಳಿದ್ದರು. ನಾನಿ ಒಪ್ಪಲಿಲ್ಲ. "ಮನೆ ನನ್ನದು, ಕೀಲಿ ನಿನ್ನದಾದರೆ ನಾನು ಬಾಡಿಗೆಯವಳಾಗುತ್ತೇನೆ" ಎಂದರು. ಅವರ ಮಾತು ಸರಿ ಎಂದು ನನಗೂ ಅನಿಸಿತು. ಪಾಸ್‌ವರ್ಡನ್ನು ಅವರೇ ಇಟ್ಟರು, ತಮ್ಮ ನೋಟ್‌ಬುಕ್ಕಿನಲ್ಲಿ ಉರ್ದುವಿನಲ್ಲಿ ಸುಳಿವು ಬರೆದುಕೊಂಡರು. ದೂರದಿಂದ ನೋಡುವ ಯಾವ ಆ್ಯಪನ್ನೂ ನಾನು ಅದರಲ್ಲಿ ಇಟ್ಟಿಲ್ಲ, ಭಾನುವಾರ ನಾನೇ ಹೋಗುತ್ತೇನೆ. ಹಾಗಾಗಿ ನಿಯಮ ಸುಲಭವಾಯಿತು: ಪರದೆ ತೋರಿಸಿ ಎಂದು ಫೋನಿನಲ್ಲಿ ಯಾರೇ ಕೇಳಲಿ, ನನ್ನ ದನಿಯೇ ಆಗಿರಲಿ, ಫೋನ್ ಇಟ್ಟುಬಿಡಿ. ಹಣ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಈ ಎರಡು ಸಾಲನ್ನು ನಾನಿ ತಮ್ಮ ದುಂಡು ಕೈಬರಹದಲ್ಲಿ ಬರೆದು ಮಾನಿಟರಿನ ಕೆಳಗೆ ಅಂಟಿಸಿದ್ದಾರೆ. ಹೆದರಿಸಿ ಕಾಯುವುದಕ್ಕಿಂತ ತಿಳಿಸಿ ಕಾಯುವುದು ಗಟ್ಟಿ. ನಂಬಿ ಕೊಟ್ಟದ್ದನ್ನು ಅಮಾನತ್ ಎನ್ನುತ್ತೇವೆ. ಹಿರಿಯರು ತಮ್ಮ ಕಂಪ್ಯೂಟರ್ ನಮ್ಮ ಕೈಗೆ ಕೊಟ್ಟಾಗ ಕೊಡುವುದೂ ಅದನ್ನೇ. ಸರಿ ಮಾಡಿ ಹಿಂದಕ್ಕೆ ಕೊಡಬೇಕು, ನಾವೇ ಯಜಮಾನರಾಗಿ ಕೂರಬಾರದು.

ಇದನ್ನು ಓದುತ್ತಿರುವ ಉಪನ್ಯಾಸಕರಲ್ಲಿ, ಪ್ರಾಂಶುಪಾಲರಲ್ಲಿ ನನ್ನದೊಂದು ಮನವಿ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ನಮ್ಮ ಕಂಪ್ಯೂಟರ್ ಲ್ಯಾಬ್ ತೆರೆದಿಡೋಣ. ವಿದ್ಯಾರ್ಥಿಗಳ ಮನೆಯ ಹಿರಿಯರು, ಅಕ್ಕಪಕ್ಕದವರು ಲ್ಯಾಪ್‌ಟಾಪ್ ತರಲಿ, ಡೆಸ್ಕ್‌ಟಾಪ್ ಇದ್ದವರು ಪ್ರಶ್ನೆ ತರಲಿ. ಮೂರು ಷರತ್ತು ಇರಲಿ: ಯಾರೂ ಯಾರ ಪಾಸ್‌ವರ್ಡ್ ಕೇಳಬಾರದು, ಬ್ಯಾಂಕಿನ ಪುಟ ತೆರೆಯಬಾರದು, ಕಂಪ್ಯೂಟರಿನ ಮಾಲೀಕರು ಪಕ್ಕದಲ್ಲಿ ಕೂತಿರಬೇಕು. ಅಪ್‌ಡೇಟ್ ಇದೆಯೇ, ಡಿಫೆಂಡರ್ ಆನ್ ಇದೆಯೇ, ಬೇಡದ ನೋಟಿಫಿಕೇಶನ್ ಇದೆಯೇ, ಫೋಟೊಗಳಿಗೆ ಇನ್ನೊಂದು ಪ್ರತಿ ಇದೆಯೇ ಎಂದು ನೋಡಲು ಒಬ್ಬರಿಗೆ ಅರ್ಧ ಗಂಟೆ ಸಾಕು. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಬರೆಯುವುದಕ್ಕಿಂತ ಹೆಚ್ಚನ್ನು ನಾವೂ ಅಲ್ಲಿ ಕಲಿಯುತ್ತೇವೆ.

ಮೊದಲ ಶನಿವಾರಕ್ಕೆ ನನ್ನ ಹೆಸರು ಬರೆದುಕೊಳ್ಳಿ. ನಾನಿಯನ್ನೂ ಕರೆತರುತ್ತೇನೆ. ಫೋನಿನ ಬಾಗಿಲಿನ ಪಾಠವನ್ನು ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.