ರಕ್ತ ಕಮ್ಮಿಯಾದ ಕಿಡ್ನಿ ರೋಗಿಗೆ ಬೀಟ್‌ರೂಟ್ ಮದ್ದಲ್ಲ

ನಮ್ಮ ಕೆದಂಬಾಡಿಯಲ್ಲಿ, ತಿಂಗಳಾಡಿ, ಕುಂಬ್ರದ ಆಸುಪಾಸಿನಲ್ಲಿ, ಕಿಡ್ನಿ ಕೈಕೊಟ್ಟವರಿರುವ ಮನೆಗಳಲ್ಲಿ ಸಲಹೆಗೆ ಬರವಿಲ್ಲ. ಹಿಮೋಗ್ಲೋಬಿನ್ ಏಳಕ್ಕೆ ಇಳಿದಿದೆ ಎಂದು ರಿಪೋರ್ಟ್ ಬಂದದ್ದೇ ತಡ, ನೋಡಲು ಬಂದವರೆಲ್ಲ ಒಂದೊಂದು ಮದ್ದು ಹೇಳಿಯೇ ಏಳುತ್ತಾರೆ. ಹೇಳುವುದು ಪ್ರೀತಿಯಿಂದಲೇ. ಆದರೆ ಅದನ್ನು ನಂಬಿ ರೋಗಿಗೆ ಆಗುವ ಹಾನಿ ನಿಜವಾದದ್ದು. ಆದ್ದರಿಂದ ಆ ಮಾತುಗಳಿಗೆ ಉತ್ತರ ಕೊಡಲೇಬೇಕು.

"ಒಳ್ಳೆಯದು ತಿನ್ನಲಿ, ರಕ್ತ ತಾನಾಗಿ ಆಗುತ್ತದೆ" ಎನ್ನುವುದು ಎಲ್ಲಕ್ಕಿಂತ ಹೆಚ್ಚು ಕೇಳುವ ಮಾತು. ಆಗುವುದಿಲ್ಲ. ಕೆಂಪು ರಕ್ತಕಣ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಹುಟ್ಟಿಸು ಎಂದು ಮಜ್ಜೆಗೆ ಹೇಳುವುದು ಎರಿತ್ರೋಪೊಯೆಟಿನ್ ಎಂಬ ಹಾರ್ಮೋನು. ದೊಡ್ಡವರಲ್ಲಿ ಅದರ ಸುಮಾರು ಶೇ. 90 ಭಾಗ ತಯಾರಾಗುವುದು ಕಿಡ್ನಿಯಲ್ಲಿ. ಕಿಡ್ನಿಯೇ ಸೋತ ಮೇಲೆ ಆ ಮಾತು ಹೇಳುವವರಿಲ್ಲ. ಇದು ಹೊಟ್ಟೆಗೆ ಕಡಿಮೆಯಾಗಿ ಬಂದ ರಕ್ತಹೀನತೆಯಲ್ಲ, ಹಾರ್ಮೋನು ಕಡಿಮೆಯಾಗಿ ಬಂದದ್ದು. ಎಷ್ಟು ಬೀಟ್‌ರೂಟ್ ಅರೆದು ಕುಡಿಸಿದರೂ ಆ ಹಾರ್ಮೋನು ಹುಟ್ಟುವುದಿಲ್ಲ. ಅದನ್ನು ಇಂಜೆಕ್ಷನ್ ಮೂಲಕ ಹೊರಗಿನಿಂದ ಕೊಡಬೇಕು.

ಇಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ರಕ್ತಕ್ಕೆಂದು ಕೊಡುವ ಬೀಟ್‌ರೂಟ್ ರಸ, ಖರ್ಜೂರ, ಬಸಳೆ, ಹರಿವೆ, ದಿನಕ್ಕೊಂದು ಬೊಂಡ (ಎಳನೀರು) ಎಲ್ಲದರಲ್ಲೂ ಪೊಟ್ಯಾಸಿಯಂ ಇದೆ. ಸೋತ ಕಿಡ್ನಿ ಅದನ್ನು ಹೊರಹಾಕಲಾರದು. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತ ತಪ್ಪುತ್ತದೆ, ನಿಂತೇ ಹೋಗಬಹುದು. ಹಿತ್ತಿಲಿನ ಧಾರೆಹುಳಿಯ (ಸ್ಟಾರ್ ಫ್ರೂಟ್) ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ: ಕಿಡ್ನಿ ರೋಗಿಗೆ ಅದು ವಿಷ. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಗೊಂದಲ, ಅಪಸ್ಮಾರದವರೆಗೂ ಹೋದದ್ದುಂಟು. ಹಾಗೆಂದು ಊಟ ಬಿಡಬೇಕೆಂದಲ್ಲ. ಡಯಾಲಿಸಿಸ್ ಆಗುತ್ತಿರುವವರಿಗೆ ಮೊಟ್ಟೆ, ಮೀನಿನ ಪ್ರೋಟೀನ್ ಬೇಕೇ ಬೇಕು. ಅದು ಶಕ್ತಿಗೆ, ರಕ್ತದ ಲೆಕ್ಕ ಬೇರೆ.

"ಕಬ್ಬಿಣದ ಮಾತ್ರೆ ಸಾಕಲ್ಲ?" ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಬ್ಬಿಣ ಇಲ್ಲದೆ ಯಾವ ಇಂಜೆಕ್ಷನ್ನೂ ಕೆಲಸ ಮಾಡದು. ಡಯಾಲಿಸಿಸ್ ಶುರುವಾಗದವರಿಗೆ ಮಾತ್ರೆಯಿಂದಲೇ ಆರಂಭಿಸುವುದೂ ಉಂಟು. ಆದರೆ ಕಿಡ್ನಿ ರೋಗದಲ್ಲಿ ಹೆಪ್ಸಿಡಿನ್ ಎಂಬ ವಸ್ತು ಏರಿರುತ್ತದೆ. ಅದು ಕರುಳಿನಿಂದ ಕಬ್ಬಿಣ ಒಳಬರದಂತೆ ತಡೆಯುತ್ತದೆ, ದೇಹದಲ್ಲಿರುವುದನ್ನೂ ಹೊರಬಿಡುವುದಿಲ್ಲ. ಅಟ್ಟದಲ್ಲಿ ಅಕ್ಕಿಮುಡಿ ಇದ್ದೂ ಹತ್ತಲು ಏಣಿಯಿಲ್ಲದ ಮನೆಯ ಸ್ಥಿತಿ. ಡಯಾಲಿಸಿಸ್‌ನವರಿಗೆ ಯಂತ್ರದ ನಳಿಗೆಯಲ್ಲಿ ಪ್ರತಿ ಸಲ ಸ್ವಲ್ಪ ರಕ್ತ ಬೇರೆ ನಷ್ಟ. ಅವರಿಗೆ ಕಬ್ಬಿಣವನ್ನು ನೇರ ರಕ್ತನಾಳಕ್ಕೆ ಕೊಡುವುದೇ ದಾರಿ. ಬ್ರಿಟನ್ನಿನಲ್ಲಿ 2,141 ಡಯಾಲಿಸಿಸ್ ರೋಗಿಗಳ ಮೇಲೆ ನಡೆದ ಪಿವೋಟಲ್ ಅಧ್ಯಯನದಲ್ಲಿ, ಕಬ್ಬಿಣವನ್ನು ಮುಂಚಿತವಾಗಿ, ಧಾರಾಳವಾಗಿ ಪಡೆದವರಿಗೆ ಹಾರ್ಮೋನು ಇಂಜೆಕ್ಷನ್ ಕಡಿಮೆ ಸಾಕಾಯಿತು, ರಕ್ತ ಏರಿಸುವುದೂ ಕಡಿಮೆಯಾಯಿತು. ಸೋಂಕು ಹೆಚ್ಚಲಿಲ್ಲ. ಆದರೆ ದೇಹದಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವ ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಪರೀಕ್ಷೆ ಎರಡನ್ನೂ ನೋಡಿಯೇ ಕೊಡಬೇಕು.

"ಎರಡು ಬಾಟ್ಲಿ ರಕ್ತ ಏರಿಸಿದರೆ ಒಂದೇ ದಿನದಲ್ಲಿ ಸರಿಯಾಗುತ್ತದೆ." ಈ ಮಾತಿಗೆ ನನ್ನ ವಿರೋಧ ಎಲ್ಲಕ್ಕಿಂತ ಹೆಚ್ಚು. ರಕ್ತಸ್ರಾವವಾಗಿದ್ದರೆ, ಎದೆನೋವು ಬಂದಿದ್ದರೆ, ಉಸಿರಾಡಲು ಆಗದಿದ್ದರೆ ರಕ್ತ ಏರಿಸಲೇಬೇಕು, ಅದರಲ್ಲಿ ವಾದವಿಲ್ಲ. ಆದರೆ ತಿಂಗಳು ತಿಂಗಳು ಅದೇ ದಾರಿಯಾದರೆ? ಪ್ರತಿ ಬಾಟ್ಲಿಯಲ್ಲೂ ಬೇರೆಯವರ ಜೀವಕೋಶಗಳಿರುತ್ತವೆ. ಅವುಗಳ ವಿರುದ್ಧ ರೋಗಿಯ ದೇಹ ಪ್ರತಿಕಾಯ ಬೆಳೆಸಿಕೊಳ್ಳಬಹುದು. ನಾಳೆ ಕಿಡ್ನಿ ಕಸಿಗೆ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿದಾಗ, ಅಥವಾ ಅಣ್ಣನೋ ತಂಗಿಯೋ ಕೊಡಲು ಮುಂದೆ ಬಂದಾಗ, ಹೊಂದಾಣಿಕೆ ಆಗುವುದಿಲ್ಲ ಎಂಬ ಉತ್ತರ ಬರುವುದು ಇದರಿಂದ. ಹೆರಿಗೆಯಾದ ಹೆಂಗಸರಲ್ಲಿ ಗರ್ಭದ ಕಾರಣದಿಂದಲೇ ಇಂಥ ಪ್ರತಿಕಾಯ ಇರಬಹುದು. ಅವರಿಗೆ ಇದು ಇನ್ನೂ ಅಪಾಯ. ನಲವತ್ತರೊಳಗಿನ ರೋಗಿಗೆ ಅವಸರದಲ್ಲಿ ರಕ್ತ ಏರಿಸುವ ಮೊದಲು "ಕಸಿಯ ಯೋಚನೆ ಇದೆಯೇ?" ಎಂದು ಕೇಳದಿದ್ದರೆ ಅದು ದೊಡ್ಡ ಅನ್ಯಾಯ.

"ಆ ಇಂಜೆಕ್ಷನ್ ಕೆಮಿಕಲ್" ಎನ್ನುವವರಿಗೆ ಒಂದು ಚರಿತ್ರೆ. 1977ರಲ್ಲಿ ಯೂಜೀನ್ ಗೋಲ್ಡ್‌ವಾಸರ್ ಮತ್ತು ಸಂಗಡಿಗರು ಈ ಹಾರ್ಮೋನನ್ನು ಮೊದಲು ಶುದ್ಧವಾಗಿ ಬೇರ್ಪಡಿಸಿದ್ದು ಜಪಾನಿನ ರೋಗಿಗಳ 2,550 ಲೀಟರ್ ಮೂತ್ರದಿಂದ. ಮನುಷ್ಯರ ದೇಹದ್ದೇ ಹಾರ್ಮೋನು ಅದು. ಈಗ ಜೀನ್ ತಂತ್ರಜ್ಞಾನದಿಂದ ತಯಾರಿಸುತ್ತಾರೆ. ಅಮೆರಿಕದಲ್ಲಿ 1989ರಲ್ಲಿ ಒಪ್ಪಿಗೆ ಸಿಕ್ಕಿತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಮದ್ದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

"ಪಾರ್ಶ್ವವಾಯು ಬರುತ್ತದಂತೆ" ಎಂಬ ಭಯಕ್ಕೆ ಮಾತ್ರ ಆಧಾರವಿದೆ. 2009ರ ಟ್ರೀಟ್ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ಮತ್ತು ಕಿಡ್ನಿ ರೋಗ ಎರಡೂ ಇದ್ದ 4,038 ಜನರಿದ್ದರು. ಹಿಮೋಗ್ಲೋಬಿನ್ 13ಕ್ಕೆ ಏರಿಸಲು ಹೊರಟ ಗುಂಪಿನಲ್ಲಿ 101 ಮಂದಿಗೆ ಪಾರ್ಶ್ವವಾಯು ಬಂತು, ಇನ್ನೊಂದರಲ್ಲಿ 53 ಮಂದಿಗೆ. ಆದರೆ ಇದರಿಂದ ಕಲಿಯಬೇಕಾದದ್ದು ಇಂಜೆಕ್ಷನ್ನೇ ಬೇಡ ಎಂದಲ್ಲ, 13ಕ್ಕೆ ಏರಿಸಬೇಡಿ ಎಂದು. ಸಾಮಾನ್ಯವಾಗಿ 10ರಿಂದ 11.5ರೊಳಗೆ ನಿಲ್ಲಿಸುವುದು ಈ ಕಾರಣಕ್ಕೇ. ಹಿಂದೆ ಪಾರ್ಶ್ವವಾಯು ಆದವರು, ಕ್ಯಾನ್ಸರ್ ಇದ್ದವರು ಡಾಕ್ಟರಿಗೆ ಮೊದಲೇ ಹೇಳಬೇಕು. ಬಿ.ಪಿ. ತಪ್ಪದೆ ನೋಡಿಸಬೇಕು.

"ಹೇಗೂ ಡಯಾಲಿಸಿಸ್, ರಕ್ತ ಎಷ್ಟಿದ್ದರೇನು?" ಎಂದು ಕೇಳಿದವರೂ ಇದ್ದಾರೆ. ನಮ್ಮ ಕಡೆ ಮನೆ, ತೋಟ ಕೆಳಗೆ, ರಸ್ತೆ ಮೇಲೆ. ಹಿಮೋಗ್ಲೋಬಿನ್ ಏಳು ಇದ್ದವರು ಬಸ್ಸಿಗೆಂದು ಆ ಏರು ಹತ್ತುವಾಗ ನಾಲ್ಕು ಕಡೆ ಕುಳಿತುಕೊಳ್ಳಬೇಕು. ಹತ್ತು ಇದ್ದವರು ನಿಧಾನವಾಗಿಯಾದರೂ ನಡೆದೇ ಹೋಗಬಲ್ಲರು. ಇದಕ್ಕಿಂತ ಬೇರೆ ಉತ್ತರ ನನ್ನಲ್ಲಿಲ್ಲ.

ಇನ್ನು "ಇಂಜೆಕ್ಷನ್ ಕೊಟ್ಟರೂ ಏರಲೇ ಇಲ್ಲ" ಎನ್ನುವ ದೂರು. ಆ ಪುಟ್ಟ ಸೀಸೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಪುತ್ತೂರಿನಿಂದ ಬಿಸಿಲಲ್ಲಿ ಚೀಲದೊಳಗೆ ತಂದರೆ, ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದ ಫ್ರಿಡ್ಜ್‌ನಲ್ಲಿ ಬಿಟ್ಟರೆ, ಐಸಿಗೆ ತಾಗಿ ಹೆಪ್ಪುಗಟ್ಟಿದರೆ ಮದ್ದು ಕೆಡುತ್ತದೆ. ಐಸ್ ಹಾಕಿದ ಫ್ಲಾಸ್ಕಿನಲ್ಲಿ, ಸೀಸೆಗೆ ಬಟ್ಟೆ ಸುತ್ತಿ ತನ್ನಿ. ಮದ್ದು ಸರಿಯಿದ್ದೂ ಏರದಿದ್ದರೆ ಕಬ್ಬಿಣ ಸಾಲದೇ ಇರಬಹುದು, ಎಲ್ಲಾದರೂ ಸೋಂಕಿರಬಹುದು, ಬಿ12 ಕಡಿಮೆಯಿರಬಹುದು. ಗಂಟುನೋವಿಗೆ ಅಂಗಡಿಯಿಂದ ತಂದು ನುಂಗುವ ಮಾತ್ರೆಯಿಂದ ಹೊಟ್ಟೆಯೊಳಗೆ ರಕ್ತ ಸೋರುತ್ತಿರಲೂಬಹುದು. ಕಬ್ಬಿಣದ ಮಾತ್ರೆ ತಿನ್ನದೆಯೂ ಮಲ ಕಪ್ಪಾಗಿದ್ದರೆ ಅದನ್ನು ಡಾಕ್ಟರಿಗೆ ಹೇಳಲು ನಾಚಬೇಡಿ, ಮರುದಿನಕ್ಕೆ ಮುಂದೂಡಲೂಬೇಡಿ.